ಆಯುಷ್ಮಾನ್ ಕಾರ್ಡ್, ಯಶಸ್ವಿನಿ, ಇಎಸ್‌ಐ, ಖಾಸಗಿ ಪಾಲಿಸಿ: ಆಸ್ಪತ್ರೆ ಕೌಂಟರಿನಲ್ಲಿ ಯಾವುದು ಎಷ್ಟು ನಡೆಯುತ್ತದೆ

ಆಯುಷ್ಮಾನ್ ಕಾರ್ಡಿನ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿಯದ್ದೂ 5 ಲಕ್ಷ. ಖಾಸಗಿ ಕಂಪನಿಯ ಏಜೆಂಟರು ಮೊದಲು ತೋರಿಸುವುದೂ ಬಹಳ ಸಲ 5 ಲಕ್ಷದ ಪಾಲಿಸಿಯನ್ನೇ. ಹಾಗಾಗಿ ಮೊತ್ತ ಮುಂದಿಟ್ಟುಕೊಂಡು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಒಂದೇ: "ಇದಕ್ಕೆ ದುಡ್ಡು ಬರಲ್ಲ" ಅನ್ನುವ ಮಾತು ಯಾವ ಹಂತದಲ್ಲಿ, ಯಾರ ಬಾಯಿಂದ ಬರುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಅದು ಬಾಗಿಲಲ್ಲೇ ಬರುತ್ತದೆ. ಯಶಸ್ವಿನಿಯಲ್ಲಿ ಚಿಕಿತ್ಸೆಗಳ ಪಟ್ಟಿ ತೆರೆದಾಗ. ಸಂಬಳದ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐನಲ್ಲಿ ಡಿಸ್ಪೆನ್ಸರಿಯ ಕಂಪ್ಯೂಟರ್ ಮುಂದೆ. ಖಾಸಗಿ ಪಾಲಿಸಿಯಲ್ಲಿ ಡಿಸ್ಚಾರ್ಜ್ ದಿನ, ಬಟ್ಟೆಬರೆ ಕಟ್ಟಿಕೊಂಡು ಮನೆಗೆ ಹೊರಟು ಕೂತ ಮೇಲೆ. ಖಾಸಗಿ ವಿಮೆಯ ಮೇಲೆ ಜನರ ಸಿಟ್ಟು ಇಷ್ಟು ಕುದಿಯುವುದು ಆ ಕೊನೆಯ ಗಳಿಗೆಯಿಂದಲೇ. ಬಾಗಿಲಲ್ಲೇ ಇಲ್ಲವೆಂದರೆ ಬೇರೆ ಆಸ್ಪತ್ರೆಗೆ ಹೋಗಬಹುದು. ಆಪರೇಷನ್ ಮುಗಿದ ಮೇಲೆ ಎಲ್ಲಿಗೆ ಹೋಗುವುದು?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

ಆರೋಗ್ಯ ಕರ್ನಾಟಕ 2018ರ ಮಾರ್ಚ್‌ನಲ್ಲಿ ಶುರುವಾಯಿತು, ಅದೇ ವರ್ಷದ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ನಡುವೆ ವಿಮಾ ಕಂಪನಿ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ. ಇದರಿಂದ ಆಗುವ ಲಾಭ ಚಿಕ್ಕದಲ್ಲ. ಪ್ರೀಮಿಯಂ ಇಲ್ಲ, ವಯಸ್ಸಿನ ಮಿತಿ ಇಲ್ಲ, ರಕ್ಷಣೆ ಶುರುವಾಗಲು ಕಾಯುವ ಅವಧಿ ಇಲ್ಲ, ಮೊದಲೇ ಶುಗರ್ ಇತ್ತೇ ಎಂದು ಕೆದಕುವವರಿಲ್ಲ. ಈ ನಾಲ್ಕನ್ನೂ ಒಟ್ಟಿಗೆ ಕೊಡುವ ಖಾಸಗಿ ಪಾಲಿಸಿ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ತೊಡಕು ರೆಫರಲ್ ಚೀಟಿಯಲ್ಲಿ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಿಗುವಂತಿದ್ದರೆ ಅಲ್ಲೇ ಮಾಡಿಸಿಕೊಳ್ಳಬೇಕು, ಸಿಗದಿದ್ದರೆ ವೈದ್ಯರು ಚೀಟಿ ಕೊಟ್ಟು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ, ದಾಖಲಾಗಿ, ಮೂರನೇ ದಿನ ಕಾರ್ಡ್ ತೆಗೆದು ತೋರಿಸಿದರೆ ನಡೆಯುವುದಿಲ್ಲ. ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಚೀಟಿ ಬೇಡ, ನೇರ ಹೋಗಬಹುದು. ಆಗಲೂ ದಾಖಲಾಗುವ ಹೊತ್ತಿಗೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ ಆಧಾರ್ ಮತ್ತು ರೇಷನ್ ಕಾರ್ಡ್ ಕೊಟ್ಟು ನಮೂದಿಸಿಕೊಳ್ಳಬೇಕು. ಅಡ್ವಾನ್ಸ್ ಕಟ್ಟುವುದಕ್ಕೆ ಮುಂಚೆ ಈ ಕೆಲಸ.

ಎರಡನೆಯ ತೊಡಕು ರೇಷನ್ ಕಾರ್ಡಿನ ಬಣ್ಣ. ಬಿಪಿಎಲ್‌ಗೆ ಪೂರ್ತಿ ಪ್ಯಾಕೇಜ್ ದರ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರ, 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಇದನ್ನು ಬಿಲ್ಲಿನ 30% ಎಂದು ಓದಿಕೊಳ್ಳಬೇಡಿ. ಆಸ್ಪತ್ರೆ 1,60,000 ಬಿಲ್ ಮಾಡಿ, ಸರ್ಕಾರದ ಪ್ಯಾಕೇಜ್ ದರ 1,00,000 ಇದ್ದರೆ ಸರ್ಕಾರದಿಂದ ಬರುವುದು 30,000. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದ್ದಕ್ಕೆ ರಾಜ್ಯದಲ್ಲಿ ಎದ್ದ ಗಲಾಟೆಯನ್ನು ಬಹಳ ಜನ ಅಕ್ಕಿಯ ಜಗಳ ಎಂದಷ್ಟೇ ತಿಳಿದರು. ಕಾರ್ಡ್ ಬದಲಾದ ಮನೆಯಲ್ಲಿ ಹೃದಯದ ಆಪರೇಷನ್ ಆಗಬೇಕಿದ್ದರೆ ಕಳೆದುಕೊಳ್ಳುವುದು ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆಂದು ಸರ್ಕಾರ ಹೇಳಬೇಕಾಯಿತು. ಒಂದು ಇಲಾಖೆ ಪಡಿತರಕ್ಕೆಂದು ಎಳೆದ ಗೆರೆಯ ಮೇಲೆ ಇನ್ನೊಂದು ಇಲಾಖೆ ಆಪರೇಷನ್ ಥಿಯೇಟರ್ ಕಟ್ಟಿರುವುದೇ ಇದರ ಮೂಲ ದೋಷ. ಅದನ್ನು ಸರಿಪಡಿಸದೆ ಕಾರ್ಡ್ ವಾಪಸ್ ಕೊಟ್ಟರೆ ಮುಂದಿನ ಪರಿಷ್ಕರಣೆಯಲ್ಲಿ ಮತ್ತೆ ಇದೇ ಆಗುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ "ಪ್ಯಾಕೇಜ್ ಸಾಲಲ್ಲ, ಮೇಲೆ ಇಷ್ಟು ಕೊಡಿ" ಎಂದು ಕೇಳುವುದುಂಟು. ಬಿಪಿಎಲ್ ರೋಗಿಯ ಹತ್ತಿರ ಹಾಗೆ ವಸೂಲಿ ಮಾಡುವಂತಿಲ್ಲ. ಕೊಡಲೇಬೇಕಾಗಿ ಬಂದರೆ ರಸೀದಿ ಕೇಳಿ. ರಸೀದಿ ಇಲ್ಲದ ದುಡ್ಡಿಗೆ ದೂರು ನಿಲ್ಲುವುದಿಲ್ಲ. 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದರ ಕಡಿಮೆ, ಹಣ ತಡ ಅನ್ನುವುದು ಆಸ್ಪತ್ರೆಗಳ ನಿಜವಾದ ಕಷ್ಟವೇ ಇರಬಹುದು. ಅದನ್ನು ಅವರು ಟ್ರಸ್ಟಿನ ಜೊತೆ ಇತ್ಯರ್ಥ ಮಾಡಿಕೊಳ್ಳಬೇಕು, ಮಂಚದ ಮೇಲೆ ಮಲಗಿದವರ ಜೇಬಿನಿಂದಲ್ಲ.

ಮನೆಗೆ ಹೊಸದಾಗಿ ಬಂದ ಸೊಸೆ, ಹುಟ್ಟಿದ ಮಗು ರೇಷನ್ ಕಾರ್ಡಿನಲ್ಲಿ ಇಲ್ಲದಿರುವುದು, ಆಧಾರ್‌ನಲ್ಲಿ ಒಂದು ಹೆಸರು ಕಾರ್ಡಿನಲ್ಲಿ ಇನ್ನೊಂದು, ಇವೆಲ್ಲ ಆರೋಗ್ಯವಾಗಿದ್ದಾಗಲೇ ತಿದ್ದಿಸಿಕೊಳ್ಳಬೇಕಾದ ವಿಷಯ.

ಯಶಸ್ವಿನಿ

2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದಾಗ ಸದಸ್ಯರ ವಂತಿಗೆ ವರ್ಷಕ್ಕೆ 60 ರೂಪಾಯಿ. ಇದರ ಹಿಂದೆ ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಯೋಚನೆಯಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಇದನ್ನು ಕರಗಿಸಿದಾಗ ಸಹಕಾರಿಗಳು ಸುಮ್ಮನಿರಲಿಲ್ಲ. ಎಪಿಎಲ್ ಕಾರ್ಡಿನ ರೈತನಿಗೆ ಪೂರ್ತಿ ಸಿಗುತ್ತಿದ್ದದ್ದು 30%ಕ್ಕೆ ಇಳಿದಿತ್ತು. 2022ರ ಬಜೆಟ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 300 ಕೋಟಿ ಘೋಷಿಸಿ ಮರಳಿ ತಂದಿತು. ಆಗ ನಿಗದಿಯಾದ ಶುಲ್ಕ: ಹಳ್ಳಿಯಲ್ಲಿ ನಾಲ್ಕು ಜನರವರೆಗಿನ ಕುಟುಂಬಕ್ಕೆ 500, ಮೇಲಿನ ಪ್ರತಿಯೊಬ್ಬರಿಗೆ 100, ಪಟ್ಟಣದಲ್ಲಿ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ಶುಲ್ಕ ಸರ್ಕಾರದ್ದು. ಅಂದರೆ ಹಳ್ಳಿಯ ಆರು ಜನರ ಮನೆಗೆ 700 ರೂಪಾಯಿ. ಎಪಿಎಲ್ ಕಾರ್ಡಿನ ಕೃಷಿ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇನ್ನೊಂದಿಲ್ಲ.

ಮಿತಿಗಳೂ ಇವೆ. ನೋಂದಣಿ ವರ್ಷವಿಡೀ ಇರುವುದಿಲ್ಲ. ಸಂಘದ ಕಾರ್ಯದರ್ಶಿ ಹೇಳುವ ಅವಧಿಯೊಳಗೆ ಕಟ್ಟಬೇಕು, ರಕ್ಷಣೆ ನಿಗದಿಯಾದ ದಿನದಿಂದಷ್ಟೇ ಶುರು. ಕಾಯಿಲೆ ಗೊತ್ತಾದ ಮೇಲೆ ಓಡಿದರೆ ಉಪಯೋಗವಿಲ್ಲ. ಯೋಜನೆಯ ಅಡಿಪಾಯವೇ ಶಸ್ತ್ರಚಿಕಿತ್ಸೆ. ಜ್ವರಕ್ಕೆ ಐದು ದಿನ ಮಲಗಿದ್ದಕ್ಕೆ ಇದರಿಂದ ನಿರೀಕ್ಷಿಸಬೇಡಿ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆ ಆ ವಿಭಾಗಕ್ಕೆ ನೋಂದಾಯಿತವೇ, ಎರಡನ್ನೂ ಕೇಳಬೇಕು. ಆಸ್ಪತ್ರೆ ಪಟ್ಟಿಯಲ್ಲಿದ್ದು ವಿಭಾಗ ಇಲ್ಲದಿರುವುದುಂಟು.

ಇಎಸ್‌ಐ

ತಿಂಗಳ ಸಂಬಳ 20,000 ಇದ್ದರೆ ನೌಕರನ ಪಾಲು 0.75%, ಅಂದರೆ 150 ರೂಪಾಯಿ, ಮಾಲೀಕರದ್ದು 3.25%, 650 ರೂಪಾಯಿ. ಇಷ್ಟಕ್ಕೆ ಹೆಂಡತಿ ಮಕ್ಕಳಿಗೂ ಆಶ್ರಿತ ತಂದೆತಾಯಿಗೂ ಚಿಕಿತ್ಸೆ, ಮೇಲೆ ಕಾಯಿಲೆಯಿಂದ ಕೆಲಸ ತಪ್ಪಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70%. ಸಂಬಳ ತುಂಬಿಕೊಡುವ ಗುಣ ಈ ಹೋಲಿಕೆಯಲ್ಲಿರುವ ಬೇರಾವುದಕ್ಕೂ ಇಲ್ಲ. ಕೈಕೊಡುವುದು ಎರಡು ಕಡೆ. ಮಾಲೀಕರು ವಂತಿಗೆ ತಡವಾಗಿ ಕಟ್ಟಿದರೆ ಕಂಪ್ಯೂಟರಿನಲ್ಲಿ ಅರ್ಹತೆ ತೋರಿಸುವುದಿಲ್ಲ. ಸಂಬಳದ ಚೀಟಿಯಲ್ಲಿ ಕಡಿತವಾಗಿದ್ದರೂ ಅಷ್ಟೆ. ವಂತಿಗೆ ಜಮೆಯಾಗಿದೆಯೇ ಎಂದು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಆಗಾಗ ನೋಡಿಕೊಳ್ಳಬೇಕು. ಇನ್ನೊಂದು, 2017ರ ಜನವರಿಯಲ್ಲಿ 21,000ಕ್ಕೆ ಏರಿಸಿದ ಸಂಬಳದ ಮಿತಿ ಆಮೇಲೆ ವರ್ಷಗಟ್ಟಲೆ ಕದಲಲಿಲ್ಲ. ಒಂದು ಇನ್‌ಕ್ರಿಮೆಂಟ್ ಸಿಕ್ಕಿ ಗೆರೆ ದಾಟಿದ ಪೀಣ್ಯದ ಕಾರ್ಮಿಕ ಆ ವಂತಿಗೆ ಅವಧಿ ಮುಗಿದ ಕೂಡಲೇ ಹೊರಗೆ. ಸಂಬಳ ಏರಿದ್ದು ಸಾವಿರ, ಕಳೆದುಹೋದದ್ದು ಇಡೀ ಮನೆಯ ರಕ್ಷಣೆ.

ಖಾಸಗಿ ಪಾಲಿಸಿ

ಆಸ್ಪತ್ರೆಯ ಆಯ್ಕೆ, ಪ್ರತ್ಯೇಕ ಕೋಣೆ, ಚೀಟಿಗಾಗಿ ಅಲೆದಾಟ ಇಲ್ಲದಿರುವುದು, ಇವು ಇದರ ಬಲ. ಮೋಸಹೋದೆವು ಅನ್ನಿಸುವುದು ಎರಡು ಜಾಗದಲ್ಲಿ, ಎರಡನ್ನೂ ಬಿಡಿಸಿ ನೋಡೋಣ.

ಮೊದಲನೆಯದು ಕೋಣೆ ಬಾಡಿಗೆ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ 1% ಮಿತಿ ಇದ್ದರೆ 5,000. ನೀವು 8,000ದ ಕೋಣೆ ತೆಗೆದುಕೊಂಡು ನಾಲ್ಕು ದಿನ ಇದ್ದಿರಿ ಎಂದುಕೊಳ್ಳಿ. ಬಿಲ್ ಹೀಗಿದೆ: ಕೋಣೆ 32,000, ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ ಸೇರಿ 1,20,000, ಔಷಧಿ, ಇಂಪ್ಲಾಂಟ್, ಪರೀಕ್ಷೆ 80,000, ಗ್ಲೌಸು, ಮಾಸ್ಕು ಮುಂತಾದ ಕೊಡದ ಬಾಬತ್ತು 8,000. ಒಟ್ಟು 2,40,000. ಹೆಚ್ಚಾದ ಬಾಡಿಗೆ 12,000 ಕಟ್ಟಿದರೆ ಮುಗಿಯಿತು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಕಂಪನಿ 5,000ಕ್ಕೆ 8,000ದ ಅನುಪಾತವನ್ನು ಸರ್ಜನ್ ಶುಲ್ಕಕ್ಕೂ ಹಾಕುತ್ತದೆ. 32,000ಕ್ಕೆ 20,000, 1,20,000ಕ್ಕೆ 75,000, ಔಷಧಿ-ಇಂಪ್ಲಾಂಟ್-ಪರೀಕ್ಷೆಗೆ ಪೂರ್ತಿ 80,000. ಬಂದದ್ದು 1,75,000, ಕೈಯಿಂದ ಹೋದದ್ದು 65,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಅನುಪಾತ ಹಾಕುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮ. ಅವನ್ನೂ ಕತ್ತರಿಸಿದ್ದರೆ ಪ್ರಶ್ನಿಸಿ. ಎಲ್ಲ ಕಂಪನಿಗಳಲ್ಲೂ ಸಿಗುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲೂ ಬಾಡಿಗೆಗೆ ವಿಮಾ ಮೊತ್ತದ 2%, ಹೆಚ್ಚೆಂದರೆ ದಿನಕ್ಕೆ 5,000 ಎಂಬ ಮಿತಿ ಇದೆ, ಮೇಲೆ ಕ್ಲೇಮಿನ 5% ನಿಮ್ಮ ಪಾಲು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ಉದ್ದೇಶವಿದ್ದರೆ ಬಾಡಿಗೆ ಮಿತಿ ಇಲ್ಲದ ಪಾಲಿಸಿಗೇ ಹೆಚ್ಚು ಕೊಡುವುದು ಲೇಸು.

ಎರಡನೆಯದು ಕೇಸ್ ಶೀಟಿನ ಒಂದು ಸಾಲು. ದಾಖಲಾಗುವ ರಾತ್ರಿ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ಶುಗರ್ ಎಷ್ಟು ವರ್ಷದಿಂದ? ಗಾಬರಿಯಲ್ಲಿರುವ ಮಗನೋ ಅಳಿಯನೋ "ಒಂದು ಹತ್ತು ವರ್ಷ ಇರಬಹುದು" ಅನ್ನುತ್ತಾರೆ. ಅದು ಹಾಗೇ ದಾಖಲಾಗುತ್ತದೆ. ನಿಜವಾಗಿ ಶುಗರ್ ಗೊತ್ತಾದದ್ದು ಎರಡು ವರ್ಷದ ಹಿಂದೆ, ಪಾಲಿಸಿಗೆ ನಾಲ್ಕು ವರ್ಷ. ಕಂಪನಿಯ ಕಣ್ಣಿಗೆ ಈಗ ಇದು ಮುಚ್ಚಿಟ್ಟ ಕಾಯಿಲೆ, ಕ್ಲೇಮ್ ತಿರಸ್ಕಾರ. ಹೀಗಾಗದಂತೆ ಮೊದಲು ಕಾಯಿಲೆ ಪತ್ತೆಯಾದ ದಿನದ ಚೀಟಿ, ಲ್ಯಾಬ್ ರಿಪೋರ್ಟ್ ಕಡತದಲ್ಲಿಟ್ಟುಕೊಂಡು ಹೋಗಿ ಅದನ್ನೇ ತೋರಿಸಬೇಕು. ತಪ್ಪಾಗಿ ಬರೆದಿದ್ದರೆ ಡಿಸ್ಚಾರ್ಜ್‌ಗೆ ಮುಂಚೆಯೇ ಚಿಕಿತ್ಸೆ ಕೊಟ್ಟ ವೈದ್ಯರಿಂದ ತಿದ್ದಿಸಿ ಸಹಿ ಹಾಕಿಸಿಕೊಳ್ಳಬೇಕು. ಪಾಲಿಸಿ ಮಾಡಿಸುವಾಗ ಇದ್ದ ಕಾಯಿಲೆಯನ್ನಂತೂ ಬಿಡದೆ ಬರೆಸಿ, "ಅದೆಲ್ಲ ಬೇಡ ಸಾರ್" ಎಂದು ಏಜೆಂಟ್ ಹೇಳಿದರೂ. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟಿರಿ ಎಂಬ ಕಾರಣ ಕೊಡುವಂತಿಲ್ಲ.

ಕ್ಯಾಶ್‌ಲೆಸ್ ಕೋರಿಕೆಗೆ, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಎಂಬ ಕೋರಿಕೆಗೆ, ಒಂದು ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯಲ್ಲಿ ಎಂದು ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಆದೇಶಿಸಿದೆ. ಕಂಪನಿ ತಡಮಾಡಿದ್ದರಿಂದ ಆಸ್ಪತ್ರೆ ಹೆಚ್ಚಿಗೆ ಹಾಕಿದ ಮೊತ್ತವನ್ನು ಕಂಪನಿಯೇ ಭರಿಸಬೇಕು. ಆಸ್ಪತ್ರೆ ಅಂತಿಮ ಬಿಲ್ ಕಳಿಸಿದ ಸಮಯವನ್ನು ವಿಮಾ ಡೆಸ್ಕಿನಲ್ಲಿ ಕೇಳಿ ಬರೆದುಕೊಳ್ಳಿ. ತಡ ಬಹಳ ಸಲ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲೇ ಆಗಿರುತ್ತದೆ, ಬೈಸಿಕೊಳ್ಳುವುದು ಕಂಪನಿ.

ಪ್ರೀಮಿಯಂ ಮೇಲಿನ 18% ಜಿಎಸ್‌ಟಿ ವಿರುದ್ಧ 2024ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಹಣಕಾಸು ಸಚಿವರಿಗೆ ಪತ್ರ ಬರೆದರು, ಆಗಸ್ಟ್‌ನಲ್ಲಿ ವಿರೋಧ ಪಕ್ಷಗಳ ಸಂಸದರು ಸಂಸತ್ತಿನ ಎದುರು ನಿಂತರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಅದು ಸೊನ್ನೆಯಾಗಿದೆ. ಜನರ ಸಿಟ್ಟಿಗೆ ಸಿಕ್ಕ ನಿಜವಾದ ಫಲ ಇದು. ಆದರೆ ರಿನ್ಯೂವಲ್ ನೋಟಿಸಿನಲ್ಲಿ ತೆರಿಗೆ ಬಿಟ್ಟ ಮೂಲ ಪ್ರೀಮಿಯಂ ನೋಡಿ. ಹೋದ ವರ್ಷ 20,000 ಮತ್ತು ತೆರಿಗೆ 3,600 ಇದ್ದದ್ದು ಈಗ 22,500 ಆಗಿದ್ದರೆ ಸಿಕ್ಕ ರಿಯಾಯಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ಕಂಪನಿಗೇ ಹೋಗಿದೆ. 60 ದಾಟಿದವರಿಗೆ ವರ್ಷಕ್ಕೆ 10%ಕ್ಕಿಂತ ಹೆಚ್ಚು ಏರಿಸಲು ಐಆರ್‌ಡಿಎಐ ಜೊತೆ ಮೊದಲು ಸಮಾಲೋಚಿಸಬೇಕೆಂಬ ನಿಯಮ 2025ರ ಜನವರಿಯಿಂದ ಇದೆ.

ಯಾರಿಗೆ ಯಾವುದು

ಬಿಪಿಎಲ್ ಮನೆಗೆ ಆಯುಷ್ಮಾನ್ ಕಾರ್ಡೇ ಮೊದಲು. ಖಾಸಗಿ ಪಾಲಿಸಿಗೆ ಸಾಲ ಮಾಡಬೇಡಿ. ಎಪಿಎಲ್ ಕಾರ್ಡಿದ್ದು ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಿದ್ದರೆ ಯಶಸ್ವಿನಿ ಬಿಡಬೇಡಿ, ಕೈಯಲ್ಲಿ ಆದರೆ ಮೇಲೊಂದು ಖಾಸಗಿ ಪಾಲಿಸಿ ಇರಲಿ, ಶಸ್ತ್ರಚಿಕಿತ್ಸೆಯಲ್ಲದ ಕಾಯಿಲೆಗೆ. ಇಎಸ್‌ಐ ಇದ್ದು ಸಂಬಳ 20,000ದ ಹತ್ತಿರ ಬಂದಿದ್ದರೆ ಖಾಸಗಿ ಪಾಲಿಸಿಯನ್ನು ಈಗಲೇ ಶುರುಮಾಡಿ. ಇಎಸ್‌ಐನಿಂದ ಹೊರಬೀಳುವ ಹೊತ್ತಿಗೆ ಕಾಯುವ ಅವಧಿ ಒಂದಷ್ಟು ಸವೆದಿರುತ್ತದೆ. ಕಂಪನಿಯ ಗುಂಪು ವಿಮೆ ಇದೆಯೆಂದು ಸ್ವಂತ ಪಾಲಿಸಿ ಮುಂದೂಡುವ ಐಟಿ ಉದ್ಯೋಗಿಗೂ ಇದೇ ಮಾತು. ಕೆಲಸ ಹೋದ ದಿನ ಆ ವಿಮೆಯೂ ಹೋಗುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದು, ಐಆರ್‌ಡಿಎಐನ ದೂರು ಜಾಲತಾಣ ಬಿಮಾ ಭರೋಸಾದಲ್ಲೂ ನಮೂದಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪದ ಉತ್ತರ ಬಂದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣ ನೋಡುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಆ ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ.