ಅಂಬಾಸಿಡರ್ ಮ್ಯಾನಿಫೋಲ್ಡಿಗೆ 600 ಡಿಗ್ರಿ ಪೇಂಟ್: ಎಂಟು ತಿಂಗಳಾದ ಮೇಲೆ

ನಮ್ಮಪ್ಪನ 1972ರ ಅಂಬಾಸಿಡರ್ ಮಾರ್ಕ್ 2 ಈಗ ನನ್ನ ಕೈಲಿದೆ. ಹೋದ ವರ್ಷ ಎಂಜಿನ್ ಇಳಿಸಿ ಕೆಲಸ ಮಾಡಿಸಿದಾಗ, ತುಕ್ಕು ಹಿಡಿದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ (ಎಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ಕಬ್ಬಿಣದ ಕೊಳವೆ) ಒಂದು ಗತಿ ಕಾಣಿಸೋಣ ಅಂತ ಹೊರಟೆ. ಒಟ್ಟು ಮೂರು ಸಲ ಬಣ್ಣ ಹಾಕಿಸಿದ್ದೇನೆ. ಅದರಲ್ಲಿ ಎರಡು ಸಲ ದುಡ್ಡು ದಂಡ.

ಮೊದಲನೆಯದು ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹೊಡೆದು ಕಾಯಿಸಿ ಕೂರಿಸುವುದು. ಮೈಸೂರಿನ ಒಂದು ಶೆಡ್‌ನಲ್ಲಿ "ಏನೂ ಆಗಲ್ಲ ಸಾರ್" ಅಂದರು. ಹೊಸ ಗೇಟಿನ ಹಾಗೆ ಫಳಫಳ ಹೊಳೆಯುತ್ತಾ ಬಂತು. ಚಾಮುಂಡಿ ಬೆಟ್ಟ ಒಂದು ಸಲ ಹತ್ತಿ ಇಳಿಯುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾರೊಳಗೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಸಾಮಾನ್ಯ ಪೌಡರ್ ಕರಗಿ ಕೂರುವುದೇ 180–200 ಡಿಗ್ರಿಯಲ್ಲಿ. ಏರು ಹತ್ತುವಾಗ ಮ್ಯಾನಿಫೋಲ್ಡ್ 400 ದಾಟಬಹುದು. ಈ ಲೆಕ್ಕ ನಾನೇ ಮೊದಲು ಹಾಕಬೇಕಿತ್ತು.

ಆಮೇಲೆ ತಂದದ್ದು ಹೀಟ್ ರೆಸಿಸ್ಟೆಂಟ್ ಅಲ್ಯೂಮಿನಿಯಂ ಪೇಂಟ್. ಫ್ಯಾಕ್ಟರಿ ಚಿಮಣಿಗೆ, ಬಾಯ್ಲರ್ ಪೈಪಿಗೆ ಬಳಿಯುತ್ತಾರಲ್ಲ, ಅದೇ. ಡಬ್ಬದ ಮೇಲೆ 600 ಡಿಗ್ರಿ ಅಂತ ಇತ್ತು. ಪೇಂಟಿನದು ತಪ್ಪಿಲ್ಲ, ತಪ್ಪು ನನ್ನದು. ಅಭ್ಯಾಸಬಲ, ಕೆಳಗೆ ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ಶಾಖಕ್ಕೆ ಪ್ರೈಮರ್ ಸುಟ್ಟುಹೋಯಿತು, ಮೇಲಿನ ಬೆಳ್ಳಿ ಬಣ್ಣ ಹಪ್ಪಳದ ಹಾಗೆ ಎದ್ದಿತು.

ಮೂರನೇ ಸಲ ತಾಳ್ಮೆಯಿಂದ ಕೂತೆ. ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಬರೀ ಕಬ್ಬಿಣ ಕಾಣಿಸುವ ಹಾಗೆ ಮಾಡಿದೆ. ತಿನ್ನರ್‌ನಲ್ಲಿ ಒರೆಸಿದ ಮೇಲೆ ಬರಿಗೈಲಿ ಮುಟ್ಟಲಿಲ್ಲ, ಬೆರಳಿನ ಜಿಡ್ಡೂ ಸಾಕು ಕೆಡಿಸೋಕೆ. ಪ್ರೈಮರ್ ಇಲ್ಲದೆ ತೆಳ್ಳಗೆ ಎರಡೇ ಕೋಟ್. ದಪ್ಪ ಬಳಿದರೆ ಗುಳ್ಳೆ ಏಳುತ್ತದೆ.

ಮಾರನೆಯ ದಿನ ಮುಟ್ಟಿ ನೋಡಿದರೆ ಒಣಗಿದೆ ಅನ್ನಿಸುತ್ತೆ. ಆದರೆ ಒಣಗಿರಲ್ಲ. ಇದರೊಳಗಿನ ಸಿಲಿಕೋನ್ ರೆಸಿನ್ ಗಟ್ಟಿಯಾಗುವುದು ಸುಮಾರು 200 ಡಿಗ್ರಿ ಕಾವು ಕಂಡ ಮೇಲೇ. ಎಂಜಿನ್ನನ್ನು ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೆ, ಆರಿಸಿದೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಆರಿಸಿದೆ. ಕೊನೆಗೆ ಅರ್ಧ ಗಂಟೆ. ನೋಡುತ್ತಾ ನಿಂತಿದ್ದ ಅಮ್ಮ, "ಹೊಸ ದೋಸೆ ಹೆಂಚು ಪಳಗಿಸಿದ ಹಾಗಾಯ್ತಲ್ಲೋ" ಅಂದರು. ಹೆಚ್ಚುಕಡಿಮೆ ಹಾಗೇ. ಹೊಗೆ ಬಂತು, ಬಾನೆಟ್ ತೆಗೆದು ಬಯಲಲ್ಲೇ ಮಾಡಿ.

ಇನ್ನೊಂದು ಮಾತು. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಕಡೆ ಇವೆ. ಮೊದಲ ದಿನವೇ, ಎಂಜಿನ್ ಚಾಲೂ ಮಾಡುವ ಮೊದಲು, ಕಾರ್ಬುರೇಟರ್ ಓವರ್‌ಫ್ಲೋ ಆಗಿ ಪೆಟ್ರೋಲ್ ತೊಟ್ಟಿಕ್ಕಿತು. ಹಸಿ ಪೇಂಟ್ ಗೆರೆ ಎಳೆದ ಹಾಗೆ ತೊಳೆದುಹೋಯಿತು. ಮೊದಲು ಕಾರ್ಬುರೇಟರ್ ಸರಿಮಾಡಿಸಿ, ಆಮೇಲೆ ಬ್ರಷ್ ಹಿಡಿಯಿರಿ. ಬೆಂಕಿಯ ಭಯ ಬೇರೆ ಇದೆಯಲ್ವಾ.

ಎಂಟು ತಿಂಗಳಾಯಿತು. ಹೊಳಪು ಹೋಗಿ ಹಳೇ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ಬಂದಿದೆ. ತುಕ್ಕು ಮಾತ್ರ ಎಲ್ಲೂ ಇಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಬಣ್ಣಕ್ಕೆ, ಬೆಳ್ಳಿ ಬಿಟ್ಟು ಬೇರೆ ಬಣ್ಣ ಅಂಗಡಿಯಲ್ಲಿ ಸಿಗಲಿಲ್ಲ.

ಕಪ್ಪೇ ಬೇಕು ಅಂದರೆ ವಿಎಚ್‌ಟಿ ಫ್ಲೇಮ್‌ಪ್ರೂಫ್ ಸ್ಪ್ರೇ ಇದೆ. ಅಮೆರಿಕದ್ದು. ಮ್ಯಾನಿಫೋಲ್ಡಿನಿಂದ ಮುಂದಕ್ಕೆ ಹೋಗುವ ಪೈಪಿಗೆ ಅದನ್ನೇ ಹೊಡೆದೆ, ಚೆನ್ನಾಗಿ ಕೂತಿದೆ. ಆದರೆ ದುಬಾರಿ. ಅಲ್ಲಿರುವ ಭಾವನಿಗೆ ತರಲು ಹೇಳೋಣ ಅಂದುಕೊಂಡಿದ್ದೆ. ಇಂಥ ಸ್ಪ್ರೇ ಡಬ್ಬ ವಿಮಾನದ ಲಗೇಜಿನಲ್ಲಿ ಹಾಕುವಂತಿಲ್ಲ, ಸುಮ್ನೆ ಬೈಸಿಕೊಂಡೆ.

ಅಂದಹಾಗೆ, ಉಳಿದ ಪೇಂಟನ್ನು ಟ್ಯಾಪೆಟ್ ಕವರಿಗೆ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ, ಬಳಿಯಬೇಡಿ. ಅದು ಅಷ್ಟು ಕಾಯುವುದೇ ಇಲ್ಲ. ಪೇಂಟ್ ಹಸಿಯಾಗೇ ಉಳಿದು, ಪೆಟ್ರೋಲ್ ಹಾಕಿ ಒರೆಸಿದರೆ ಬಟ್ಟೆಗೆ ಅಂಟಿಕೊಂಡು ಬರುತ್ತೆ. ಅಲ್ಲಿಗೆ ಎಂಜಿನ್ ಎನಾಮೆಲ್ ಸಾಕು. ಪೌಡರ್ ಕೋಟಿಂಗೂ ಅಲ್ಲಿ ನಡೆಯುತ್ತೆ.

ಅರ್ಧ ಲೀಟರ್ ಡಬ್ಬದಲ್ಲಿ ಕಾಲು ಭಾಗವೂ ಖರ್ಚಾಗಿಲ್ಲ. ಮಿಕ್ಕಿದ್ದನ್ನು ಪಕ್ಕದ ಮನೆ ಹುಡುಗ ಬೈಕಿನ ಸೈಲೆನ್ಸರಿಗೆ ಅಂತ ಕೇಳಿದ, ಕೊಟ್ಟೆ. ಗೇಟಿನ ತನಕ ಹೋಗಿ ತಿರುಗಿ, "ಅಂಕಲ್, ಕೆಳಗೆ ರೆಡ್ ಆಕ್ಸೈಡ್ ಹಚ್ಚಬೇಕಲ್ವಾ?" ಅಂದ.