ದೇಣಿಗೆ ಒಬ್ಬರದು, ವಕಾಲತ್ತು ಇನ್ನೊಬ್ಬರಿಗೆ: ಅಮೆರಿಕದ ಎಸಿಎಲ್‌ಯು ಕೆಲಸದ ಒಂದು ವಿಮರ್ಶೆ

ಹೋಟೆಲನ್ನೋ ಫೋನನ್ನೋ ವಿಮರ್ಶಿಸುವವನಿಗೆ ಒಂದು ಅನುಕೂಲವಿದೆ. ಅಲ್ಲಿ ಹಣ ಕೊಟ್ಟವನೂ ಸರಕು ಪಡೆದವನೂ ಒಬ್ಬನೇ ಆಗಿರುತ್ತಾನೆ. ನಾಗರಿಕ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡುವ ಸಂಸ್ಥೆಯ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ದೇಣಿಗೆ ಕೊಡುವವರು ಒಬ್ಬರು, ವಕೀಲರನ್ನು ಪಡೆಯುವವರು ಇನ್ನೊಬ್ಬರು, ತೀರ್ಪಿನ ಫಲ ಉಣ್ಣುವವರು ಈ ಇಬ್ಬರಿಗೂ ಪರಿಚಯವಿಲ್ಲದ ಕೋಟ್ಯಂತರ ಮಂದಿ. ಅಷ್ಟೇ ಅಲ್ಲ, ವಕೀಲರನ್ನು ಪಡೆದವನನ್ನು ಕಂಡರೆ ದೇಣಿಗೆ ಕೊಟ್ಟವನಿಗೆ ಮೈಯೆಲ್ಲ ಉರಿಯುವ ಸಂದರ್ಭಗಳೂ ಕಡಿಮೆಯಿಲ್ಲ. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್, ಅಂದರೆ ಎಸಿಎಲ್‌ಯು, ನೂರು ವರ್ಷಕ್ಕೂ ಮಿಗಿಲಾಗಿ ಮಾಡುತ್ತ ಬಂದಿರುವ ಕೆಲಸವನ್ನು ಈ ದೃಷ್ಟಿಯಿಂದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ದಾನಿಗಳಿಗೆ ಎಷ್ಟು ಹಿತವಾಗಿ ನಡೆದುಕೊಂಡಿತು ಎಂಬುದಕ್ಕಿಂತ, ಅವರು ಸಿಟ್ಟಾದಾಗ ಎಷ್ಟು ಗಟ್ಟಿಯಾಗಿ ನಿಂತಿತು ಎಂಬುದೇ ಇಲ್ಲಿ ಮುಖ್ಯವಾದ ಅಳತೆ.

ಸಂಸ್ಥೆ ಹುಟ್ಟಿದ್ದು 1920ರಲ್ಲಿ. ಮೊದಲನೆಯ ಮಹಾಯುದ್ಧದ ಬೆನ್ನಿಗೇ ಅಮೆರಿಕ ಸರ್ಕಾರವು ಎಡಪಂಥೀಯರೆಂದು ಶಂಕಿಸಿದ ಸಾವಿರಾರು ವಲಸಿಗರನ್ನು ದಾಳಿ ಮಾಡಿ ಹಿಡಿದು, ಹಲವರನ್ನು ಗಡೀಪಾರು ಮಾಡಿದ್ದ ಕಾಲವದು. ರೋಜರ್ ಬಾಲ್ಡ್‌ವಿನ್, ಕ್ರಿಸ್ಟಲ್ ಈಸ್ಟ್‌ಮನ್ ಮೊದಲಾದವರು ಕಟ್ಟಿದ ಆ ಚಿಕ್ಕ ಗುಂಪಿಗೆ ಇಂದು ದೇಶದ ಎಲ್ಲ ರಾಜ್ಯಗಳಲ್ಲೂ ಶಾಖೆಗಳಿವೆ. ಕಕ್ಷಿದಾರರಿಂದ ಅದು ಶುಲ್ಕ ಪಡೆಯುವುದಿಲ್ಲ.

ಸಾಮಾನ್ಯರು ಈ ಸಂಸ್ಥೆಯನ್ನು ಹೆಚ್ಚಾಗಿ ಬಳಸುವುದು ನ್ಯಾಯಾಲಯದಲ್ಲಿ ಅಲ್ಲ, ‘ನಿಮ್ಮ ಹಕ್ಕುಗಳನ್ನು ತಿಳಿಯಿರಿ’ ಎಂಬ ಅದರ ಮಾಹಿತಿ ಪುಟಗಳ ಮೂಲಕ. ಕಾನೂನಿನ ಬರವಣಿಗೆಯೆಂದರೆ ಉಸಿರುಗಟ್ಟಿಸುವ ವಾಕ್ಯಗಳೆಂದುಕೊಂಡವರಿಗೆ ಇವು ಅಚ್ಚರಿ ಹುಟ್ಟಿಸುತ್ತವೆ. ವಲಸೆ ಅಧಿಕಾರಿಗಳು ಮನೆಗೆ ಬಂದರೆ ಬಾಗಿಲು ತೆರೆಯಬೇಕಾಗಿಲ್ಲ, ವಾರಂಟ್ ಇದೆಯೆಂದರೆ ಅದನ್ನು ಬಾಗಿಲಿನ ಸಂದಿಯಿಂದ ಒಳಕ್ಕೆ ತಳ್ಳುವಂತೆಯೋ ಕಿಟಕಿಗೆ ಹಿಡಿದು ತೋರಿಸುವಂತೆಯೋ ಕೇಳಿ, ಅದಕ್ಕೆ ನ್ಯಾಯಾಧೀಶರ ಸಹಿ ಇದೆಯೇ ಎಂದು ನೋಡಿ, ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ ವಾರಂಟ್ ನಿಮ್ಮ ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರಲು ಸಾಲದು ಎಂದು ಅಲ್ಲಿ ಹಂತಹಂತವಾಗಿ ಹೇಳಲಾಗಿದೆ. ಎರಡು ಬಗೆಯ ವಾರಂಟ್‌ಗಳ ನಡುವಿನ ಈ ವ್ಯತ್ಯಾಸವನ್ನು ಬಾಗಿಲಿಗೆ ಬಂದವರು ತಾವಾಗಿ ವಿವರಿಸುವುದು ಅಪರೂಪ.

ಈ ಪುಟಗಳಲ್ಲಿ ನಾನು ಮೆಚ್ಚಿದ್ದು ಅವುಗಳ ಪ್ರಾಮಾಣಿಕತೆ. ಗಡಿಯಲ್ಲೋ ವಿಮಾನ ನಿಲ್ದಾಣದಲ್ಲೋ ಫೋನಿನ ಪಾಸ್‌ವರ್ಡ್ ಕೇಳಿದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಅವು ಎಲ್ಲರಿಗೂ ಒಂದೇ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಅಮೆರಿಕದ ಪ್ರಜೆ ಪಾಸ್‌ವರ್ಡ್ ಹೇಳದಿದ್ದರೂ ದೇಶದೊಳಕ್ಕೆ ಬಿಡಲೇಬೇಕು, ಆದರೆ ಫೋನನ್ನು ವಶಪಡಿಸಿಕೊಳ್ಳಬಹುದು. ವೀಸಾದ ಮೇಲೆ ಬಂದವರು ನಿರಾಕರಿಸಿದರೆ ಅವರಿಗೆ ಪ್ರವೇಶವೇ ತಪ್ಪಬಹುದು. ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ತಿಳಿದಿರಬೇಕಾದ ಮಾತಿದು. ಹಾಗೆಯೇ, ಪೊಲೀಸರು ಹಕ್ಕನ್ನು ಉಲ್ಲಂಘಿಸುತ್ತಿದ್ದಾರೆಂದು ಖಾತ್ರಿಯಾದರೂ ಸ್ಥಳದಲ್ಲಿ ಮೈಮೇಲೆ ಹೋಗಬೇಡಿ, ಬ್ಯಾಡ್ಜ್ ಸಂಖ್ಯೆ, ಸಾಕ್ಷಿಗಳ ವಿವರ, ಗಾಯಗಳ ಚಿತ್ರ ಇಟ್ಟುಕೊಂಡು ಆಮೇಲೆ ದೂರು ಕೊಡಿ ಎಂಬ ಸಲಹೆಯೂ ಇದೆ. ವೀರಾವೇಶದ ಉಪದೇಶಕ್ಕಿಂತ ಇದು ಎಷ್ಟೋ ಮೇಲು. ಕೊರತೆಯೆಂದರೆ, ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ಕಾನೂನಿನ ವಿವರಗಳಿಗಾಗಿ ಆಯಾ ಶಾಖೆಯ ಪುಟಗಳನ್ನು ಓದುಗರೇ ಹುಡುಕಿಕೊಂಡು ಹೋಗಬೇಕು.

ಇನ್ನು ಮೊಕದ್ದಮೆಗಳು. 2018ರ ಕಾರ್ಪೆಂಟರ್ ಪ್ರಕರಣವನ್ನೇ ನೋಡೋಣ. ಮೊಬೈಲ್ ಅಂಗಡಿಗಳನ್ನು ದೋಚಿದ ಗುಂಪಿನ ಮುಖಂಡನೆಂಬ ಆರೋಪ ಹೊತ್ತವನೊಬ್ಬನ ಫೋನು 127 ದಿನಗಳಲ್ಲಿ ಎಲ್ಲೆಲ್ಲಿತ್ತು ಎಂಬ ದಾಖಲೆಯನ್ನು ತನಿಖಾಧಿಕಾರಿಗಳು ಸರಿಯಾದ ವಾರಂಟ್ ಇಲ್ಲದೆಯೇ ಕಂಪನಿಗಳಿಂದ ಪಡೆದಿದ್ದರು. ಅದರಲ್ಲಿದ್ದ ಸ್ಥಳ ಗುರುತುಗಳು 12,898, ಅಂದರೆ ದಿನಕ್ಕೆ ಸರಾಸರಿ ನೂರೊಂದು. ಆತ ಭಾನುವಾರ ಯಾವ ಚರ್ಚಿನ ಬಳಿಯಿದ್ದ, ಯಾವ ರಾತ್ರಿ ಮನೆಯಲ್ಲಿರಲಿಲ್ಲ ಎಂಬುದನ್ನೂ ಅಂಥ ದಾಖಲೆ ಹೇಳಬಲ್ಲದು. ಎಸಿಎಲ್‌ಯು ವಕೀಲರು ಅವನ ಪರ ವಾದಿಸಿದರು. ಇಂತಹ ದಾಖಲೆ ಪಡೆಯಲು ಸಾಮಾನ್ಯವಾಗಿ ವಾರಂಟ್ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೇಳಿತು. ಆದರೆ ತನಿಖಾಧಿಕಾರಿಗಳು ಅಂದಿನ ಕಾನೂನನ್ನು ನಂಬಿ ಸದುದ್ದೇಶದಿಂದ ನಡೆದುಕೊಂಡಿದ್ದರೆಂದು ಮೇಲ್ಮನವಿ ನ್ಯಾಯಾಲಯವು ಆ ಸಾಕ್ಷ್ಯವನ್ನು ಒಪ್ಪಿಕೊಂಡಿದ್ದರಿಂದ ಕಕ್ಷಿದಾರನ ಶಿಕ್ಷೆ ಮಾತ್ರ ತಪ್ಪಲಿಲ್ಲ. ಅವನ ಹೆಸರಿನಲ್ಲಿ ಗೆದ್ದ ಹಕ್ಕು ಅವನನ್ನು ಬಿಟ್ಟು ಅಮೆರಿಕದಲ್ಲಿ ಮೊಬೈಲ್ ಇಟ್ಟುಕೊಂಡ ಉಳಿದವರಿಗೆಲ್ಲ ದಕ್ಕಿತು.

ದಾನಿಗಳ ತಾಳ್ಮೆಯನ್ನು ಈ ಸಂಸ್ಥೆ ಅತಿ ಹೆಚ್ಚು ಪರೀಕ್ಷಿಸಿದ್ದು 1977ರಲ್ಲಿ. ಚಿಕಾಗೊ ಬಳಿಯ ಸ್ಕೋಕಿ ಎಂಬ ಊರಿನಲ್ಲಿ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಬಹಳಷ್ಟು ಯಹೂದಿಗಳು ನೆಲೆಸಿದ್ದರು. ಅಲ್ಲಿ ಸಮವಸ್ತ್ರ ತೊಟ್ಟು, ಸ್ವಸ್ತಿಕ ಹಿಡಿದು ಸಭೆ ನಡೆಸುವುದಾಗಿ ಬೆರಳೆಣಿಕೆಯ ನಾಜಿಗಳ ಗುಂಪೊಂದು ಹೊರಟಿತು. ಊರಿನ ಆಡಳಿತ ತಡೆಯಾಜ್ಞೆ ತಂದಿತು, ಮೂರೂವರೆ ಲಕ್ಷ ಡಾಲರ್ ವಿಮೆಯಿಲ್ಲದೆ ಮೆರವಣಿಗೆಯಿಲ್ಲ ಎಂಬ ನಿಯಮವನ್ನೂ ಮಾಡಿತು. ಆ ಗುಂಪಿನ ಪರ ವಕಾಲತ್ತು ವಹಿಸಿದ ಎಸಿಎಲ್‌ಯು ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಆಗಿನ ರಾಷ್ಟ್ರೀಯ ನಿರ್ದೇಶಕ ಆರ್ಯೆ ನೀಯರ್ ಬರ್ಲಿನ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಹೆತ್ತವರೊಂದಿಗೆ ನಾಜಿ ಜರ್ಮನಿಯಿಂದ ಪಾರಾಗಿ ಬಂದವರು. ಸಾವಿರಾರು ಸದಸ್ಯರು ಸಂಸ್ಥೆಯನ್ನು ಬಿಟ್ಟುಹೋದರು, ವರಮಾನ ಕುಸಿಯಿತು, ಆದರೂ ಅದು ಪ್ರಕರಣವನ್ನು ಕೈಬಿಡಲಿಲ್ಲ, ಗೆದ್ದಿತು. ಕೊನೆಗೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ, ಚಿಕಾಗೊದಲ್ಲೇ ಸಭೆ ಮಾಡಿ ಮುಗಿಸಿದರು. ವಿಮೆಯ ಷರತ್ತು ಅಂದು ಊರ್ಜಿತವಾಗಿದ್ದರೆ, ಮರುದಿನ ಇನ್ನಾವುದೋ ಊರು ಅದನ್ನೇ ಕೂಲಿಕಾರರ ಅಥವಾ ಕಪ್ಪು ಜನರ ಮೆರವಣಿಗೆಯ ಮೇಲೆ ಹೂಡಬಹುದಿತ್ತು. ಆ ಗುಂಪಿನ ಮೇಲೆ ನನಗೆ ಅಸಹ್ಯವಲ್ಲದೆ ಬೇರೇನೂ ಇಲ್ಲ. ವಕಾಲತ್ತು ಸರಿಯಾಗಿತ್ತೆಂಬುದರಲ್ಲಿ ಸಂಶಯವೂ ಇಲ್ಲ.

ಇಷ್ಟು ಹೊಗಳಿದ ಮೇಲೆ ಕಪ್ಪುಚುಕ್ಕೆಯನ್ನೂ ಹೇಳಬೇಕು, ಅದು ಚಿಕ್ಕದಲ್ಲ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದಂತೆ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಎಸಿಎಲ್‌ಯು ರಾಷ್ಟ್ರೀಯ ಮಂಡಳಿ ಆ ಆದೇಶದ ಸಂವಿಧಾನಬದ್ಧತೆಯನ್ನೇ ನೇರವಾಗಿ ಪ್ರಶ್ನಿಸುವುದು ಬೇಡವೆಂದು ನಿರ್ಣಯಿಸಿತು. ಯುದ್ಧಕಾಲದ ಭಯ ಒಂದು ಕಾರಣವಾದರೆ, ಮಂಡಳಿಯಲ್ಲಿದ್ದ ಹಲವರಿಗೆ ರೂಸ್‌ವೆಲ್ಟರ ಮೇಲಿದ್ದ ಅಭಿಮಾನ ಇನ್ನೊಂದು. ಉತ್ತರ ಕ್ಯಾಲಿಫೋರ್ನಿಯಾ ಶಾಖೆಯ ಅರ್ನೆಸ್ಟ್ ಬೆಸಿಗ್ ಮಾತ್ರ ರಾಷ್ಟ್ರೀಯ ಮಂಡಳಿಯ ಮಾತು ಕೇಳದೆ, ಮನೆ ಬಿಟ್ಟು ಹೋಗುವ ಆದೇಶವನ್ನು ಧಿಕ್ಕರಿಸಿ ಬಂಧನಕ್ಕೊಳಗಾದ ಫ್ರೆಡ್ ಕೋರೆಮಾತ್ಸು ಅವರ ಪ್ರಕರಣವನ್ನು ಹಿಡಿದು ಕೂತರು. 1944ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 6–3ರಿಂದ ಸೋಲಾಯಿತು, ಕೋರೆಮಾತ್ಸು ಮೇಲಿನ ಶಿಕ್ಷೆ ರದ್ದಾಗಲು 1983ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು, 1940ರಲ್ಲಿ, ಕಮ್ಯುನಿಸ್ಟ್ ಪಕ್ಷದ ಸದಸ್ಯೆಯೆಂಬ ಒಂದೇ ಕಾರಣಕ್ಕೆ ಎಲಿಜಬೆತ್ ಗರ್ಲಿ ಫ್ಲಿನ್ ಅವರನ್ನು ಮಂಡಳಿಯಿಂದ ಹೊರಹಾಕಿದ್ದೂ ಇದೇ ಸಂಸ್ಥೆ. ಆ ನಿರ್ಣಯವನ್ನು ಅದು ಹಿಂತೆಗೆದುಕೊಂಡದ್ದು 1976ರಲ್ಲಿ, ಆಕೆ ತೀರಿಕೊಂಡು ಹನ್ನೆರಡು ವರ್ಷಗಳ ಬಳಿಕ.

ಈಚಿನ ನಡೆಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಖಚಿತವಾಗಿಲ್ಲ. 2017ರಲ್ಲಿ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳ ಸಭೆಗೆ ಕೇಳಿದ ಜಾಗವೇ ಸಿಗುವಂತೆ ವರ್ಜೀನಿಯಾ ಶಾಖೆ ನ್ಯಾಯಾಲಯದಲ್ಲಿ ಹೋರಾಡಿತು. ಆ ದಿನದ ಹಿಂಸೆಯಲ್ಲಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡ ಮೇಲೆ, ಬಂದೂಕು ಹಿಡಿದು ಮೆರವಣಿಗೆ ಮಾಡುವವರ ಪರ ನಿಲ್ಲುವುದಿಲ್ಲವೆಂದು ಸಂಸ್ಥೆ ಘೋಷಿಸಿತು. ಅದು ಒಪ್ಪತಕ್ಕ ಮಾತು. ಪ್ರಕರಣ ಆರಿಸಿಕೊಳ್ಳುವಾಗ ಕಕ್ಷಿದಾರನ ಮಾತಿನಿಂದ ದುರ್ಬಲ ಸಮುದಾಯಗಳಿಗೆ ಆಗಬಹುದಾದ ಹಾನಿಯನ್ನೂ ತೂಗಿನೋಡಬೇಕೆಂಬ 2018ರ ಒಳಮಾರ್ಗಸೂಚಿಯನ್ನು ಮಾತ್ರ ನಾನು ಅನುಮಾನದಿಂದಲೇ ನೋಡುತ್ತೇನೆ, ಏಕೆಂದರೆ ಅದೇ ತಕ್ಕಡಿಯಲ್ಲಿಟ್ಟಿದ್ದರೆ ಸ್ಕೋಕಿ ಪ್ರಕರಣ ದಾಟುತ್ತಿರಲಿಲ್ಲ. ಹೀಗಿದ್ದೂ 2024ರಲ್ಲಿ, ಬಂದೂಕು ನಿಯಂತ್ರಣದ ವಿಷಯದಲ್ಲಿ ತನಗೆ ಪೂರಾ ವಿರುದ್ಧವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ 9–0ರಿಂದ ಗೆದ್ದುಕೊಟ್ಟದ್ದು ಇದೇ ಸಂಸ್ಥೆಯೇ. ಹಳೆಯ ಹಟ ಇನ್ನೂ ಪೂರ್ತಿ ಸತ್ತಿಲ್ಲವೆಂದು ಅದನ್ನು ನೋಡಿ ಅನ್ನಿಸಿತು.

ದೇಣಿಗೆ ಕೊಡುವ ವಿಚಾರ ಮಾಡುತ್ತಿರುವವರು ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ಹೆಸರಿನಡಿ ಇರುವುದು ಎರಡು ಸಂಸ್ಥೆಗಳು. ಶಾಸನಸಭೆಗಳಲ್ಲಿ ಮಸೂದೆಗಳ ಪರ ವಿರೋಧ ಒತ್ತಡ ತರುವ ಯೂನಿಯನ್‌ಗೆ ಕೊಟ್ಟ ಸದಸ್ಯತ್ವದ ಹಣಕ್ಕೆ ಅಲ್ಲಿ ತೆರಿಗೆ ವಿನಾಯಿತಿಯಿಲ್ಲ. ಮೊಕದ್ದಮೆ ಮತ್ತು ಜನಶಿಕ್ಷಣದ ಕೆಲಸ ಮಾಡುವ ಫೌಂಡೇಶನ್‌ಗೆ ಕೊಟ್ಟ ಹಣಕ್ಕೆ ವಿನಾಯಿತಿ ದೊರೆಯುತ್ತದೆ. ನೆರವು ಬೇಕಾದವರು ತಮ್ಮ ರಾಜ್ಯದ ಶಾಖೆಗೇ ಬರೆಯಬೇಕು. ಒಬ್ಬನ ಕಷ್ಟವನ್ನು ಪರಿಹರಿಸುವುದಕ್ಕಿಂತ ಬಹಳ ಜನರಿಗೆ ಅನ್ವಯಿಸುವ ತೀರ್ಪನ್ನು ಗುರಿಯಾಗಿಟ್ಟುಕೊಂಡು ಪ್ರಕರಣ ಆರಿಸುವ ಸಂಸ್ಥೆಯಾದ್ದರಿಂದ ಬರುವ ಅರ್ಜಿಗಳಲ್ಲಿ ಅದು ಎತ್ತಿಕೊಳ್ಳುವುದು ಕೆಲವನ್ನು ಮಾತ್ರ. ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿರುವಾಗಲೂ ದಾವೆ ಹೂಡಲು ಕಾನೂನು ಕೊಟ್ಟಿರುವ ಗಡುವು ಓಡುತ್ತಲೇ ಇರುತ್ತದೆ. ಆದ್ದರಿಂದ ಇವರೊಬ್ಬರನ್ನೇ ನಂಬಿ ಕೂರದೆ ಬೇರೆ ವಕೀಲರನ್ನೂ ಅದೇ ವಾರ ಕಾಣುವುದು ಲೇಸು.