ನಾಲ್ಕು ವರ್ಷಗಳ ಡಯಾಲಿಸಿಸ್: ಘಟಕದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಸಿಸ್ಟರ್ ಬಗ್ಗೆ

ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಸೋತ ಮೇಲೆ, ನಾಲ್ಕು ವರ್ಷಗಳಿಂದ ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕಕ್ಕೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೇನೆ. ಒಮ್ಮೆಗೆ ನಾಲ್ಕು ಗಂಟೆ, ಪ್ರತಿ ಸಲ ಎರಡು ಸೂಜಿ. ಅಂದರೆ ಇದುವರೆಗೆ ಸುಮಾರು 600 ಬಾರಿ ಆ ಹಾಸಿಗೆಯ ಮೇಲೆ ಮಲಗಿದ್ದೇನೆ, 1,200 ಸಲ ಎಡಗೈಗೆ ಸೂಜಿ ಹಾಕಿಸಿಕೊಂಡಿದ್ದೇನೆ. ಖಾಸಗಿ ಶಾಲೆಯಲ್ಲಿ ಪಾಠ ಮಾಡಿ, ಪಿಂಚಣಿಯಿಲ್ಲದೆ ಮನೆಗೆ ಬಂದ ನನ್ನಂಥವನಿಗೆ ಈ ಸೇವೆ ಉಚಿತವಾಗಿ ಸಿಗುತ್ತಿರುವುದೇ ದೊಡ್ಡ ಆಸರೆ.

ಯಂತ್ರಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಅವು ಹಳೆಯವು, ಆದರೆ ಕೆಲಸ ಮಾಡುತ್ತವೆ. ಒಂದು ಬಾರಿಯ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕಾಗುವುದರಿಂದ, ನೀರಿನ ಘಟಕ ಕೆಟ್ಟ ದಿನ ಎಲ್ಲರೂ ಕಾಯಬೇಕಾಗುತ್ತದೆ; ಬೇಸಿಗೆಯಲ್ಲಿ ಎರಡು ಸಲ ಹೀಗಾಗಿ, ಮರುದಿನದ ಹೊತ್ತಿಗೆ ಉಸಿರಾಡಲು ಕಷ್ಟಪಟ್ಟಿದ್ದೇನೆ.

ನಾನು ಬರೆಯಬೇಕೆಂದು ಕುಳಿತದ್ದು ಬೆಳಗಿನ ಪಾಳಿಯ ಸಿಸ್ಟರ್ ಬಗ್ಗೆ. ಡಯಾಲಿಸಿಸ್ ರೋಗಿಗೆ ಕೈಯ ಫಿಸ್ಟುಲಾ, ಅಂದರೆ ಸೂಜಿ ಹಾಕುವ ರಕ್ತನಾಳದ ಜೋಡಣೆ, ಜೀವನಾಡಿಯಿದ್ದಂತೆ. ಶಸ್ತ್ರಚಿಕಿತ್ಸೆಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ, ಅದು ಬಲಿಯಲು ವಾರಗಟ್ಟಲೆ ಕಾಯಬೇಕು. ಒಮ್ಮೆ ಮುಚ್ಚಿಹೋದರೆ ಮತ್ತೊಂದನ್ನು ಮಾಡಲು ರಕ್ತನಾಳಗಳು ಎಲ್ಲರಿಗೂ ಉಳಿದಿರುವುದಿಲ್ಲ. ಸಿಸ್ಟರ್ ಸೂಜಿ ಹಿಡಿಯುವ ಮೊದಲು ಪ್ರತಿದಿನವೂ ಅದರಲ್ಲಿ ರಕ್ತ ಹರಿಯುವಾಗಿನ ಜುಮ್ಮೆನ್ನುವ ಕಂಪನವನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಾರೆ, ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಕಳೆದ ವರ್ಷ ಒಂದು ಮುಂಜಾನೆ ಎರಡೆರಡು ಸಲ ಮುಟ್ಟಿ ನೋಡಿ, "ಮೇಷ್ಟ್ರೇ, ಇವತ್ತು ನಾನು ಚುಚ್ಚುವುದಿಲ್ಲ, ಸದ್ದು ಸಣ್ಣಗಾಗಿದೆ" ಎಂದರು. ನನಗೆ ನೋವಿರಲಿಲ್ಲ, ಊತವಿರಲಿಲ್ಲ. ವೈದ್ಯರಿಗೆ ಅವರೇ ಫೋನ್ ಮಾಡಿ, ಅದೇ ಮಧ್ಯಾಹ್ನ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ಹೆಪ್ಪುಗಟ್ಟಲು ಆರಂಭಿಸಿದ್ದ ರಕ್ತವನ್ನು ತೆಗೆದರು, ಫಿಸ್ಟುಲಾ ಉಳಿಯಿತು. ಅವರು ರಜೆಯಲ್ಲಿದ್ದ ಇನ್ನೊಂದು ದಿನ, ಹೀಗೆ ಮುಟ್ಟಿ ನೋಡದೆ ಹಾಕಿದ ಸೂಜಿಯಿಂದ ನನ್ನ ಮೊಣಕೈವರೆಗೆ ಕಪ್ಪುಗಟ್ಟಿ ಹದಿನೈದು ದಿನ ನೋವಿತ್ತು. ಆ ಎರಡು ಬೆರಳುಗಳ ಬೆಲೆ ನನಗೆ ಗೊತ್ತಾದದ್ದು ಹಾಗೆ.

ಊಟದ ವಿಷಯದಲ್ಲೂ ಅವರ ರೀತಿ ಬೇರೆ. ಅಚ್ಚು ಮಾಡಿದ ಪಥ್ಯದ ಪಟ್ಟಿಯನ್ನು ಕೈಗಿಟ್ಟು ಕಳುಹಿಸದೆ, ಮನೆಯಲ್ಲಿ ಏನು ಅಡುಗೆಯೆಂದು ನನ್ನ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದರು. ಬಸ್ಸಾರು ಎಂದಾಗ, "ಅಮ್ಮಾ, ಸೊಪ್ಪು ಬೇಯಿಸಿದಾಗ ಪೊಟ್ಯಾಸಿಯಮ್ ಬಹುಪಾಲು ನೀರಿಗೆ ಇಳಿಯುತ್ತದೆ. ಬಸಿದ ಕಟ್ಟು ನೀವು ತೆಗೆದುಕೊಳ್ಳಿ, ಅವರಿಗೆ ಪಲ್ಯ ಮಾತ್ರ, ಅದೂ ಸ್ವಲ್ಪ" ಎಂದು ತಿಳಿಸಿದರು. ನೋಡಲು ಬರುವ ನೆಂಟರು ಎಳನೀರು, ಬಾಳೆಹಣ್ಣು ತಂದರೆ ಏನು ಹೇಳಬೇಕೆಂಬುದನ್ನೂ ಕಲಿಸಿಕೊಟ್ಟರು. ರಕ್ತದಲ್ಲಿ ಪೊಟ್ಯಾಸಿಯಮ್ ಏರಿದರೆ ಹೃದಯವೇ ನಿಲ್ಲಬಹುದೆಂದು ನಮಗೆ ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೈಯಲ್ಲಿ ನೀರು ತುಂಬಿ ತೂಕ ಮೂರು ಕೆ.ಜಿ. ಏರಿಸಿಕೊಂಡು ಹೋದ ದಿನವೂ ಅವರು ಗದರುವುದಿಲ್ಲ. ಅಷ್ಟು ನೀರನ್ನು ಅವಸರದಲ್ಲಿ ತೆಗೆದರೆ ರಕ್ತದೊತ್ತಡ ಕುಸಿದು ಮೀನಖಂಡ ಸೆಳೆಯುತ್ತದೆಂದು ವೈದ್ಯರನ್ನು ಕೇಳಿ ಸಮಯ ಹೆಚ್ಚಿಸುತ್ತಾರೆ. ಅಂದು ಅವರು ಮನೆಗೆ ಹೋಗುವುದೂ ತಡವಾಗುತ್ತದೆ.

ಇಷ್ಟಾಗಿಯೂ ಅವರದು ಗುತ್ತಿಗೆ ನೌಕರಿ. ಕೇಂದ್ರ ಸರ್ಕಾರ 1973ರಿಂದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ನೀಡುತ್ತಿದೆ, ಅದು ಯೋಗ್ಯರಿಗೇ ಸಲ್ಲುತ್ತದೆ. ಆದರೆ ನಮ್ಮ ಆಸ್ಪತ್ರೆಯ ಅಭಿಪ್ರಾಯ ಪತ್ರದಲ್ಲಿ ಸ್ವಚ್ಛತೆ, ಕುಡಿಯುವ ನೀರು, ಶೌಚಾಲಯಕ್ಕೆ ಅಂಕಣಗಳಿವೆಯೇ ಹೊರತು ದಾದಿಯ ಕೆಲಸದ ಬಗ್ಗೆ ಒಂದು ಸಾಲು ಬರೆಯಲು ಜಾಗವಿಲ್ಲ. ಅದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಮೇ 12ರ ದಾದಿಯರ ದಿನದಂದು ಬೆಳಗಿನ ಪಾಳಿಯ ನಾವು ರೋಗಿಗಳೆಲ್ಲ ಸೇರಿ ಅವರಿಗೆ ಶಾಲು ಹೊದಿಸಿದೆವು. ಅವರ ಕೆಲಸವನ್ನು ವಿವರಿಸಿ, ನೌಕರಿ ಕಾಯಂ ಮಾಡುವಂತೆ ಕೋರಿದ ಪತ್ರಕ್ಕೆ ಸಹಿ ಹಾಕಿ ಮುಖ್ಯ ವೈದ್ಯಾಧಿಕಾರಿಗೆ ಕೊಟ್ಟೆವು. ಸಿಸ್ಟರ್ ಅದನ್ನು ಓದಿ, ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಲು ಕೇಳಿದರು: ಘಟಕದ ತೂಕದ ಯಂತ್ರ ಅರ್ಧ ಕೆ.ಜಿ. ಹೆಚ್ಚು ತೋರಿಸುತ್ತಿದೆ, ಬೇಗ ಬದಲಿಸಿಕೊಡಿ. ಯಂತ್ರ ಕಳೆದ ವಾರ ಬಂದಿದೆ. ಪತ್ರದ ಉಳಿದ ಭಾಗಕ್ಕೆ ಉತ್ತರ ಇನ್ನೂ ಬಂದಿಲ್ಲ.